ಒದ್ದೆ ಕಂಬಳಿಯ ನೆರಳು

ಒದ್ದೆ ಕಂಬಳಿಯ ವಾಸನೆ ಬಂದರೆ ನನಗೆ ಇವತ್ತಿಗೂ ಅಕ್ಕನ ಎಲೆಗಿಡಗಳೇ ನೆನಪಾಗುತ್ತವೆ.

ದೊಡ್ಡಉಳ್ಳಾರ್ತಿಯ ಬಿಸಿಲಿಗೆ ಅವು ಸುಟ್ಟುಹೋಗುತ್ತವೆಂದು ಅಕ್ಕ, ಅಪ್ಪ ಕುರಿ ಕಾಯುವಾಗ ಹೊದೆಯುತ್ತಿದ್ದ ಹಳೇ ಕಂಬಳಿಯನ್ನು ಹಿತ್ತಲ ಗೋಡೆಯಿಂದ ಬೇವಿನ ಮರಕ್ಕೆ ಎಳೆದು ಕಟ್ಟಿ, ಆಗಾಗ ನೀರು ಚಿಮುಕಿಸುತ್ತಿದ್ದಳು. ಆ ನೆರಳಲ್ಲಿ ಅಗಲವಾದ ಹಸಿರೆಲೆಗಳ ಮೇಲೆ ಸುಣ್ಣ ಎರಚಿದಂತೆ ಬಿಳಿ ಮಚ್ಚೆಗಳು ಮೂಡುತ್ತಿದ್ದವು.

ಅವತ್ತು ಮಧ್ಯಾಹ್ನ ಕೊಂಡ್ಲಹಳ್ಳಿಯಿಂದ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. "ಕೈ ಸೆರಗಿನೊಳಗೇ ಇರ್ಲಿ," ಅಂತ ಅವ್ವ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಳು. ಉಂಡು ಕೈ ತೊಳೆಯಲು ಹಿತ್ತಲಿಗೆ ಬಂದ ಗಂಡಿನ ತಾಯಿ ಗಿಡದ ಮುಂದೆ ನಿಂತುಬಿಟ್ಟಳು.

"ಈ ಬಿಳಿ ಮಚ್ಚೆ ಎಷ್ಟು ಚೆಂದ ಐತೆ! ನಂಗೊಂದು ಮರಿ ಕೊಡವ್ವ."

ಅಕ್ಕ ಹಿಗ್ಗಿಹೋದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಣ್ಣು ಕೆದರಿ, ಒಂದು ಮರಿ ಕಿತ್ತು, ಬೇರು ತೊಳೆದು ಎರಡೂ ಕೈಯಲ್ಲಿ ಚಾಚಿದಳು. ಆ ಹೆಂಗಸು ಗಿಡ ಬಿಟ್ಟು ಅಕ್ಕನ ಬೆರಳುಗಳ ಮೇಲಿನ ಬಿಳಿ ಮಚ್ಚೆಗಳನ್ನೇ ನೋಡಿದಳು.

"ಕೆಳಗಿಡವ್ವ, ತಗಂತೀನಿ," ಅಂದಳು.

ಅಕ್ಕ ಕಲ್ಲಿನ ಮೇಲಿಟ್ಟಳು. ಅಕ್ಕ ತೊಳೆದಿದ್ದ ಮರಿಯ ಮೇಲೆ ಆಕೆ ಮತ್ತೊಂದು ಚೊಂಬು ನೀರು ಹುಯ್ದು, ಆಮೇಲೆ ಎತ್ತಿಕೊಂಡಳು.