ಕಾಗೆಬಂಗಾರ

ಪರಾತದ ನೀರಿನ ಮೇಲೆ ಹಳದಿ ಚೂರುಗಳು ತೇಲುತ್ತಿದ್ದವು. ಚೆಲ್ಲಲು ಅದನ್ನು ಬಗ್ಗಿಸಿದ ಗಂಗಹನುಮಯ್ಯ ತಟ್ಟನೆ ಕೈ ತಡೆದರು. ಅವರ ನೆರಳು ಬಿದ್ದರೂ ಅವುಗಳ ಹೊಳಪು ಮಾಸಲಿಲ್ಲ.

"ಚೆಲ್ಲಿ ಅತ್ಲಾಗೆ," ಎಂದರು ಹೆಂಡತಿ ರಾಮಲಕ್ಷ್ಮಮ್ಮ. "ತೇಲೋದೆಲ್ಲಾ ಕಾಗೆಬಂಗಾರ ಅಂತ ನೀವೇ ಹೇಳ್ತಿದ್ರಲ್ಲ. ಗಾರೆಯವನು ಕೆಳಗೆ ಕಾಯ್ತಾವ್ನೆ. ಇವತ್ತೂ ಚಿನ್ನ ಸಿಗ್ದಿದ್ರೆ ಈ ಮರಳೆಲ್ಲಾ ತೊಟ್ಟಿ ಬಿರುಕಿಗೆ ಮೆತ್ತಿಸ್ತೀನಿ, ಅಷ್ಟೇ!"

ಕೋಲಾರದ ಕಡೆಯ ಹಳ್ಳಗಳಿಂದ ಅವರು ಹವ್ಯಾಸಕ್ಕೆಂದು ತಂದ ಮರಳು ಅಮೃತಹಳ್ಳಿಯ ಆ ತಾರಸಿಯ ಮೇಲೆ ಬಕೆಟ್‌ಗಟ್ಟಲೆ ಇತ್ತು. ಜಾಲಿಸಿ ಉಳಿದ ಕರಿಮರಳಿನಲ್ಲಿ ಈವರೆಗೆ ಒಂದು ಚೂರು ಚಿನ್ನವೂ ಕಂಡಿರಲಿಲ್ಲ. ಗಂಗಹನುಮಯ್ಯ ನೀರನ್ನು ಬೆರಳಿನಿಂದ ಮುಟ್ಟಿ ಮೂಸಿದರು.

"ಲೇ, ಇದು ಒಬ್ಬಟ್ಟಿನ ಪರಾತ ಅಲ್ವೇನೇ? ಎಣ್ಣೆ ಜಿಡ್ಡು ಹೋಗೇ ಇಲ್ಲ! ಜಿಡ್ಡು ಹತ್ತಿದ್ರೆ ಸಣ್ಣ ಚಿನ್ನಾನೂ ತೇಲುತ್ತೆ ಕಣೇ. ಪಾತ್ರೆ ಸೋಪು ತಾ."

ಸೋಪಿನ ಹನಿ ಬಿದ್ದೊಡನೆ ಹಳದಿ ಚೂರುಗಳು ತಳಕ್ಕಿಳಿದವು. ಮೆಲ್ಲನೆ ಪರಾತ ಆಡಿಸಿದಾಗ ಕರಿಮರಳು ಮುಂದೆ ಸರಿಯಿತು. ಹಳದಿ ಗೆರೆಯೊಂದು ಹಿಂದೆಯೇ ನಿಂತಿತು.

ರಾಮಲಕ್ಷ್ಮಮ್ಮ ತಾಳಿ ಸರದಲ್ಲಿದ್ದ ಪಿನ್ನು ಬಿಚ್ಚಿ ಒಂದು ಚೂರನ್ನು ಒತ್ತಿದರು. ಕಾಗೆಬಂಗಾರವಾಗಿದ್ದರೆ ಪದರ ಬಿಟ್ಟು ಪುಡಿಯಾಗಬೇಕಿತ್ತು. ಇದು ಮೆತ್ತಗೆ ಚಪ್ಪಟೆಯಾಯಿತು. ಇನ್ನೊಂದನ್ನು ಒತ್ತಿದರು. ಅದೂ ಹಾಗೆಯೇ.

"ಚಿನ್ನಾನೇ ಕಣ್ರೀ!"

ರಾಮಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಬಕೆಟ್ಟನ್ನು ತಮ್ಮತ್ತ ಎಳೆದುಕೊಂಡರು.

"ಜರುಗ್ರೀ, ಗಾರೆಯವನು ಕಾಯ್ಲಿ. ಇದನ್ನ ನಾನು ಜಾಲಿಸ್ತೀನಿ."