ಬೂದಿಯಲ್ಲಿ ಹೂತಿಟ್ಟ ಕಾಲು

ಕೆಂಡದಲ್ಲಿ ಕಾಯಿಸಿ ಬೆಸೆದ ಹೊಲಿಗೆ ಮೆಷಿನ್ನಿನ ಬೀಡುಕಬ್ಬಿಣದ ಕಾಲನ್ನು ವೆಲ್ಡಿಂಗ್ ಅಂಗಡಿಯವಳು ಬಿಸಿ ಬೂದಿಯಲ್ಲಿ ಹೂತಿಟ್ಟಳು. ಬೇಗ ಆರಿದರೆ ಮತ್ತೆ ಬಿರುಕು ಬಿಡುತ್ತದೆ. ಎಲ್ಲಿ ‘ಟಿಕ್’ ಎಂದುಬಿಡುತ್ತದೋ ಎಂದು ಮಧ್ಯಾಹ್ನವೆಲ್ಲ ಕಿವಿಗೊಟ್ಟು ಕೂತಳು.

“ಕೈಜಾರಿ ಬಿತ್ತು ಕಣೇ,” ಎಂದು ಪಕ್ಕದಲ್ಲಿದ್ದ ಅತ್ತಿಗೆ ಮೂರನೇ ಸಲ ಹೇಳಿದಳು. ಬಿದ್ದದ್ದಾಗಿದ್ದರೆ ಸುತ್ತಿಗೆಯ ಗುರುತು ಇರುತ್ತಿರಲಿಲ್ಲ. ಬೆಸೆಯುವ ಮೊದಲು ಬಿರುಕು ಉಜ್ಜುವಾಗಲೇ ಅಂಗಡಿಯವಳು ಅದನ್ನು ಕಂಡಿದ್ದಳು. ಅಣ್ಣನ ಸಿಟ್ಟು ಅವಳಿಗೆ ಹೊಸದಲ್ಲ.

ಸಂಜೆ ಬೂದಿ ಸರಿಸಿ ತಟ್ಟಿ ನೋಡಿದಳು. ಕಬ್ಬಿಣ ಗಂಟೆಯಂತೆ ಮೊಳಗಿತು; ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಅತ್ತಿಗೆ ಅದನ್ನು ಎತ್ತಿಕೊಳ್ಳಲು ಬಗ್ಗಿದಳು.

“ಇಲ್ಲೇ ಇರ್ಲಿ ಅತ್ತಿಗೆ. ಮಿಕ್ಕ ಮೆಷಿನ್ನನ್ನೂ ಇಲ್ಲಿಗೇ ತಂದುಬಿಡೋಣ. ನಾಳೆಯಿಂದ ಇಲ್ಲೇ ಕೂತು ಹೊಲೀರಿ.”

ಅತ್ತಿಗೆ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಬಾಗಿಲ ಕಡೆ ನೋಡುತ್ತಾ, “ನಿಮ್ಮಣ್ಣ ಮನೆಗೆ ಬರೋದು ಏಳಕ್ಕೆ,” ಅಂದಳು. “ಇನ್ನೂ ಒಂದು ಗಂಟೆ ಟೈಮಿದೆ.”