ಆಯುಧಪೂಜೆಯ ದಿನ ರಗ್ಬಿ

ಗಂಧ ತೇಯುವ ವಾಸನೆ ಬಂದರೆ ಈಗಲೂ ನನಗೆ ದೇವರಲ್ಲ, ರಗ್ಬಿ ನೆನಪಾಗುತ್ತದೆ.

ವಿದೇಶದಲ್ಲಿ, ಸೆರಂಗೂನಿನ ನಮ್ಮ ಫ್ಲ್ಯಾಟಿಗೆ ಮೈಸೂರಿನಿಂದ ಬಂದಿದ್ದ ಅಜ್ಜಿ, ಆಯುಧಪೂಜೆಯ ದಿನ ಅಪ್ಪನ ಲ್ಯಾಪ್‌ಟಾಪಿನ ಪಕ್ಕ ನನ್ನ ರಗ್ಬಿ ಚೆಂಡನ್ನೂ ಇಟ್ಟು ಗಂಧ, ಕುಂಕುಮ ಹಚ್ಚಿದ್ದಳು. ಮಧ್ಯಾಹ್ನ ನಾನು ಅದನ್ನೇ ಎತ್ತಿಕೊಂಡು ಪ್ರಾಕ್ಟೀಸಿಗೆ ಓಡಿದೆ. ಅಜ್ಜಿ ಮೈದಾನದವರೆಗೂ ಬೆನ್ನಟ್ಟಿ ಬಂದಳು.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಬಾರದು ಕಣೇ! ಅದಕ್ಕೂ ಒಂದಿನ ರೆಸ್ಟ್ ಬೇಡ್ವಾ?"

"ನಾಳೆ ಮ್ಯಾಚ್ ಇದೆ ಲಾ, ಅಜ್ಜಿ!" ಅಲ್ಲಿನವರ ಮಾತಿನ 'ಲಾ' ನನ್ನ ಕನ್ನಡಕ್ಕೂ ಅಂಟಿತ್ತು.

ನಮ್ಮ ಕೋಚ್ ಒಂದು ಕಾಲದಲ್ಲಿ ಫ್ರಾನ್ಸ್ ತಂಡಕ್ಕೆ ಆಡಿದ್ದವರು. ಆಟದಲ್ಲಿ ಪೆಟ್ಟು ತಿಂದೂ ತಿಂದೂ ಅವರ ಕಿವಿಗಳು ಹಿಸುಕಿದ ಬೋಂಡಾದಂತಿದ್ದವು. ನೋವಿದ್ದರೂ ಒಂದು ದಿನವೂ ಬಿಡದೆ ಆಡಿ, ಮಂಡಿ ಹಾಳಾದ ಮೇಲೆ ಕೋಚ್ ಆಗಿದ್ದರು. ನಾನು ನಾಚಿಕೊಂಡೇ ಅಜ್ಜಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಸೀಟಿ ಊದಿ ಪ್ರಾಕ್ಟೀಸ್ ನಿಲ್ಲಿಸಿ, ಕುಂಟುತ್ತ ಬಂದು ಅಜ್ಜಿಯ ಪಕ್ಕ ಬೆಂಚಿನಲ್ಲಿ ಕೂತರು.

"ಇವರ ಆಯುಧ ಯಾವುದಂತೆ, ಕೇಳು," ಎಂದಳು ಅಜ್ಜಿ.

ಕೇಳಿದೆ. ಕೋಚ್ ಪ್ಯಾಂಟು ಮೇಲೆತ್ತಿ, ಹೊಲಿಗೆಯ ಗುರುತಿದ್ದ ಮಂಡಿ ತೋರಿಸಿದರು.

ಅಜ್ಜಿ ಚೆಂಡಿನ ಕುಂಕುಮವನ್ನೇ ಬೆರಳಿಗೆ ತೆಗೆದುಕೊಂಡು ಆ ಮಂಡಿಗಿಟ್ಟಳು. "ಇದಕ್ಕೂ ಇವತ್ತು ರಜಾ ಅಂತ ಹೇಳು."

ಮರುದಿನ ನಾವು ಹೀನಾಯವಾಗಿ ಸೋತೆವು. ಕೋಚ್ ಮಾತ್ರ ಮಂಡಿ ತೊಳೆದಿರಲಿಲ್ಲ.